ಡೇಟಾ ಮಾಡ್ಯೂಲ್ ಬರೆಯುವವಳು ಹ್ಯಾಂಬರ್ಗ್‌ಗೆ ಹೋದರೆ

ಅಕ್ಕಾ ಅಂತ ಶುರು ಮಾಡಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ಮಾರತ್ತಹಳ್ಳಿ ಹತ್ತಿರ ಒಂದು ಕಂಪನಿಯಲ್ಲಿ ಮೂರು ವರ್ಷದಿಂದ ವಿಮಾನದ ಮೆಂಟೆನೆನ್ಸ್ ಮ್ಯಾನುಯಲ್ ಬರೆಯುತ್ತಿದ್ದೀಯ. ಈಗ ಜರ್ಮನಿಯ ಹ್ಯಾಂಬರ್ಗ್‌ನಿಂದ ಆಫರ್ ಬಂದಿದೆ. ಕೆಲಸ ಹೇಗಿರುತ್ತದೆ, ಜರ್ಮನ್ ಬರದೆ ಬದುಕಬಹುದಾ, ನಿನ್ನ ಇಂಗ್ಲಿಷ್ ಅಲ್ಲಿಗೆ ಸಾಕಾಗುತ್ತದಾ. ಕೊನೆಯದೇ ನಿನಗೆ ಜಾಸ್ತಿ ಭಯ ಅಂತ ಕಾಣುತ್ತದೆ, ಮೂರು ಸಲ ಕೇಳಿದ್ದೀಯ.

ನಾನು ಅಲ್ಲಿಗೆ ಹೋಗಿ ಹನ್ನೊಂದು ವರ್ಷ ಆಯ್ತು. ಸದ್ಯಕ್ಕೆ ರಜೆ, ಮುರುಗೇಶಪಾಳ್ಯದಲ್ಲಿ ಅಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎಚ್‌ಎಎಲ್ ಕಡೆಯಿಂದ ಹೆಲಿಕಾಪ್ಟರ್ ಸದ್ದು ಬಂದಾಗಲೆಲ್ಲ ಎದ್ದು ಕಿಟಕಿಗೆ ಹೋಗುವ ಚಾಳಿ ಇನ್ನೂ ಬಿಟ್ಟಿಲ್ಲ, ಅದಕ್ಕೇ ಉತ್ತರ ಎರಡು ದಿನ ತಡ.

ಇಂಗ್ಲಿಷ್ ವಿಷಯ ಮೊದಲು ಮುಗಿಸೋಣ. ನೀನು ಭಯ ಪಡುತ್ತಿರುವ ಇಂಗ್ಲಿಷ್, ಅಂದರೆ ಇಂದಿರಾನಗರದ ಕಾಫಿ ಅಂಗಡಿಯಲ್ಲಿ ಪಕ್ಕದ ಟೇಬಲ್‌ನವರು ಮಾತಾಡುವಂಥದ್ದು, ಅದು ಈ ಕೆಲಸಕ್ಕೆ ಬೇಕಾಗಿಲ್ಲ. ಬೇಕಾಗಿರುವುದು ಎಸ್‌ಟಿಇ, ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್, ಅಂದರೆ ಮ್ಯಾನುಯಲ್‌ಗೆ ಅಂತಲೇ ನಿಯಮ ಹಾಕಿ ಸರಳ ಮಾಡಿದ ಇಂಗ್ಲಿಷ್. ನೀನು ದಿನಾ ಬಳಸುತ್ತಿರಬೇಕು, ಆದರೆ ಅದು ಯಾಕೆ ಹುಟ್ಟಿತು ಅಂತ ಯಾರೂ ಹೇಳಿರಲಿಕ್ಕಿಲ್ಲ. 1970ರ ದಶಕದ ಕೊನೆಯಲ್ಲಿ ಯೂರೋಪಿನ ಏರ್‌ಲೈನ್‌ಗಳು ವಿಮಾನ ತಯಾರಿಸುವವರ ಹತ್ತಿರ ಹೋಗಿ, ನೀವು ಬರೆದ ಮ್ಯಾನುಯಲ್ ನಮ್ಮ ಮೆಕ್ಯಾನಿಕ್‌ಗಳಿಗೆ ಓದಿದರೆ ಅರ್ಥ ಆಗುತ್ತಿಲ್ಲ ಅಂತ ದೂರಿದರು. ಓದುವವನ ಮನೆಮಾತು ಇಂಗ್ಲಿಷ್ ಅಲ್ಲ. 1986ರಲ್ಲಿ ಮೊದಲ ಗೈಡ್ ಬಂತು, ಅದೇ 2005ರಿಂದ ಎಎಸ್‌ಡಿ-ಎಸ್‌ಟಿಇ100 ಅನ್ನುವ ಸ್ಟ್ಯಾಂಡರ್ಡ್. ಕೆಲಸ ಹೇಳುವ ವಾಕ್ಯ 20 ಪದ ದಾಟಬಾರದು, ವಿವರಣೆಯ ವಾಕ್ಯ 25 ದಾಟಬಾರದು, ಒಂದು ಪದಕ್ಕೆ ಒಂದೇ ಅರ್ಥ. ‘ಕ್ಲೋಸ್’ ಅಂದರೆ ಮುಚ್ಚುವುದು ಮಾತ್ರ, ಹತ್ತಿರ ಅನ್ನುವುದಕ್ಕೆ ‘ನಿಯರ್’ ಅಂತಲೇ ಬರೆಯಬೇಕು. ‘ಫಾಲೋ’ ಅಂದರೆ ಹಿಂದೆ ಬರುವುದು, ಸೂಚನೆ ಪಾಲಿಸುವುದಕ್ಕೆ ಬೇರೆ ಪದ. ‘ಆಯಿಲ್’ ಅಂದರೆ ಎಣ್ಣೆ, ಎಣ್ಣೆ ಹಾಕುವ ಕ್ರಿಯೆಗೆ ಅದನ್ನು ಬಳಸುವಂತಿಲ್ಲ. ನನ್ನ ಟೀಮ್‌ನಲ್ಲಿ ಇದನ್ನು ಕಲಿಯಲು ತುಂಬಾ ಕಷ್ಟಪಟ್ಟವನು ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹುಡುಗ. ಅವನಿಗೆ ಪದಗಳು ಜಾಸ್ತಿ ಗೊತ್ತಿದ್ದವು, ಅದೇ ತೊಂದರೆ. ನಿನಗೂ ನನಗೂ ಆ ತೊಂದರೆ ಇಲ್ಲವಲ್ಲ!

ನಾನು ಅಲ್ಲಿ ಮೊದಲ ವರ್ಷ ತಿಂದ ಪೆಟ್ಟು ಇಂಗ್ಲಿಷಿನದ್ದಲ್ಲ. ಹೈಡ್ರಾಲಿಕ್ಸ್‌ನಲ್ಲಿ, ಅಂದರೆ ಒತ್ತಡದ ದ್ರವದಿಂದ ನಡೆಯುವ ವ್ಯವಸ್ಥೆಯಲ್ಲಿ, ಒಂದು ಭಾಗ ಕಳಚುವ ಟಾಸ್ಕ್ ಬರೆದಿದ್ದೆ, ಹಂತ ಹಂತದ ಸೂಚನೆಗೆ ಟಾಸ್ಕ್ ಅನ್ನುತ್ತೇವೆ. ಬೆಂಗಳೂರಿನಲ್ಲಿ ಏನಾಗುತ್ತದೆ, ನೀನು ಬರೆಯುತ್ತೀಯ, ಕ್ವಾಲಿಟಿಯವರು ಟ್ಯಾಗ್ ನೋಡುತ್ತಾರೆ, ಫೈಲ್ ಕ್ಲೈಂಟ್‌ಗೆ ಹೋಗುತ್ತದೆ, ಅದನ್ನು ಹಿಡಿದು ಕೆಲಸ ಮಾಡುವ ಮನುಷ್ಯನ ಮುಖ ನೀನು ನೋಡುವುದೇ ಇಲ್ಲ. ಅಲ್ಲಿ ನನ್ನನ್ನು ವ್ಯಾಲಿಡೇಶನ್‌ಗೆ, ಅಂದರೆ ಬರೆದದ್ದನ್ನು ಮಾಡಿ ನೋಡುವುದಕ್ಕೆ, ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ಗೆ ಕಳಿಸಿದರು. ಒಬ್ಬ ವಯಸ್ಸಾದ ಮೆಕ್ಯಾನಿಕ್ ನನ್ನ ಪುಟ ಹಿಡಿದು ಒಂದು ಸಾಲು ಗಟ್ಟಿಯಾಗಿ ಓದುವುದು, ಅಷ್ಟು ಮಾಡುವುದು, ಆಮೇಲೆ ಮುಂದಿನ ಸಾಲು. ಪೈಪಿನ ಜಾಯಿಂಟ್ ಸಡಿಲಿಸು ಅಂತ ನಾನು ಬರೆದಿದ್ದೆ, ಸಡಿಲಿಸಿದ. ಸ್ಕೈಡ್ರಾಲ್ ಅನ್ನುವ ನೇರಳೆ ಬಣ್ಣದ ಹೈಡ್ರಾಲಿಕ್ ದ್ರವ ಅವನ ತೋಳಿನ ಮೇಲೂ ನೆಲದ ಮೇಲೂ ಸುರಿಯಿತು. ಆಮೇಲೆ ಅವನು ಮುಂದಿನ ಸಾಲು ಓದಿದ, ಅಷ್ಟೇ ಗಟ್ಟಿಯಾಗಿ: ಅದಕ್ಕೂ ಮೊದಲು ಕೆಳಗೆ ಒಂದು ಪಾತ್ರೆ ಇಡು.

ಸ್ಕೈಡ್ರಾಲ್ ಚರ್ಮಕ್ಕೆ ಉರಿ, ಕಣ್ಣಿಗೆ ಬಿದ್ದರೆ ಕೇಳಲೇಬೇಡ. ಅವನು ಗ್ಲೌಸ್, ಕನ್ನಡಕ ತಾನಾಗೇ ಹಾಕಿಕೊಂಡಿದ್ದ, ಏನೂ ಆಗಲಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಪಾತ್ರೆ ಇಡಬೇಕು ಅಂತ ಗೊತ್ತಿರಲಿಲ್ಲವಾ? ಗೊತ್ತಿದ್ದೂ ಇಡಲಿಲ್ಲ. ನಾನು ಸಾರಿ ಸಾರಿ ಅಂತ ಬಡಬಡಿಸುತ್ತಿದ್ದರೆ ಅವನು ತೋಳು ಒರೆಸಿಕೊಳ್ಳುತ್ತಾ ಹೇಳಿದ್ದು ಒಂದೇ ಮಾತು, ನೀನು ಬರೆದ ಹಾಗೇ ಮಾಡಿದೆ.

ಅವತ್ತು ಸಂಜೆ ದೋಣಿಯಲ್ಲಿ ಮನೆಗೆ ಹೋಗುತ್ತಾ ಯೋಚಿಸಿದೆ. (ನಮ್ಮ ಕೆಲಸದ ಕಡೆಯ ಫಿಂಕನ್‌ವೆರ್ಡರ್‌ನಿಂದ ಊರಿಗೆ 62ನೇ ನಂಬರಿನ ದೋಣಿ ಇದೆ, ನಮ್ಮ ಬಿಎಂಟಿಸಿ ಥರ ಪಾಸ್ ತೋರಿಸಿ ಹತ್ತಬಹುದು, ಬಸ್ಸಿಗಿಂತ ಎಷ್ಟೋ ವಾಸಿ.) ಆ ತಪ್ಪು ನಾನು ಕನ್ನಡದಲ್ಲಿ ಯೋಚಿಸಿದ್ದರೆ ಆಗುತ್ತಲೇ ಇರಲಿಲ್ಲ. ಅಮ್ಮ ಹೇಳುವುದು ನೋಡು, ಕೈ ತೊಳೆದು ಎಲೆ ಹಾಕಿ ನೀರು ಚಿಮುಕಿಸಿ ಬಡಿಸು. ಯಾವುದು ಮೊದಲು ಆಗಬೇಕೋ ಅದು ಬಾಯಲ್ಲೂ ಮೊದಲು ಬರುತ್ತದೆ. ಪಾತ್ರೆ ಇಟ್ಟು ಪೈಪ್ ಬಿಚ್ಚು. ಇಂಗ್ಲಿಷಿನಲ್ಲಿ ಮುಖ್ಯ ಕೆಲಸ ಮೊದಲು ಹೇಳಿ ‘ಆಫ್ಟರ್ ಯು’ ಅಂತ ಹಿಂದಿನದನ್ನು ಬಾಲಕ್ಕೆ ಅಂಟಿಸಬಹುದು, ಚೆನ್ನಾಗಿ ಇಂಗ್ಲಿಷ್ ಬರೆಯಬೇಕು ಅನ್ನುವ ಹುಮ್ಮಸ್ಸಿನಲ್ಲಿ ನಾನು ಅದನ್ನೇ ಮಾಡಿದ್ದೆ. ಎಸ್‌ಟಿಇ ನಿಯಮವೂ ನಮ್ಮ ಅಮ್ಮಂದಿರ ಕಡೆಗೇ ಇದೆ, ಷರತ್ತು ಇದ್ದರೆ ಅದು ಮೊದಲು, ವಾರ್ನಿಂಗ್ ಇದ್ದರೆ ಸ್ಟೆಪ್‌ಗಿಂತ ಮೊದಲು. ಒಂದೇ ವ್ಯತ್ಯಾಸ, ತೊಳೆದು ಹಾಕಿ ಚಿಮುಕಿಸಿ ಅಂತ ನಾವು ಸರ ಪೋಣಿಸಿದ ಹಾಗೆ ಅಲ್ಲಿ ಪೋಣಿಸುವಂತಿಲ್ಲ. ಒಂದು ವಾಕ್ಯಕ್ಕೆ ಒಂದು ಕೆಲಸ. ಅದರಿಂದ ಈಗಲೂ ಗೊಂದಲ ಆದಾಗ ಟಾಸ್ಕ್ ಅನ್ನು ಮೊದಲು ಕನ್ನಡದಲ್ಲಿ ಗೀಚಿಕೊಂಡು, ಆ ಸರ ಬಿಡಿಸಿ ಬರೆಯುತ್ತೇನೆ. ಪಕ್ಕದವರು ಇದೇನು ಜಿಲೇಬಿ ಲಿಪಿ ಅಂತ ನೋಡುತ್ತಾರೆ, ನೋಡಲಿ.

ಇಷ್ಟೊಂದು ಹಠ ಯಾಕೆ ಅಂತ ನಿನಗೆ ಅನ್ನಿಸಬಹುದು. 1990ರ ಜೂನ್ 10, ಬ್ರಿಟಿಷ್ ಏರ್‌ವೇಸ್ 5390, ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಕ್ಕೆ ಹೊರಟ ಬಿಎಸಿ ಒನ್-ಇಲೆವೆನ್. ವಿಮಾನ ಮೇಲೆ ಹೋದಾಗ ಕಾಕ್‌ಪಿಟ್‌ನ ಗಾಜು ಕಿತ್ತು ಹಾರಿತು, ಕ್ಯಾಪ್ಟನ್ ಅರ್ಧ ಮೈ ಹೊರಗೆ, ಒಳಗಿದ್ದವರು ಕಾಲು ಹಿಡಿದುಕೊಂಡರು, ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದ. ಪುಣ್ಯಕ್ಕೆ ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ. ಆ ಗಾಜನ್ನು ಹೊಸದಾಗಿ ಹಾಕಿದ್ದು ಸ್ವಲ್ಪ ಮುಂಚಿನ ರಾತ್ರಿ ಪಾಳಿಯಲ್ಲಿ. 90 ಬೋಲ್ಟ್‌ಗಳಲ್ಲಿ 84 ದಪ್ಪದಲ್ಲಿ 0.026 ಇಂಚು ಕಡಿಮೆ ಇದ್ದವು, ಉಳಿದ ಆರು ಉದ್ದದಲ್ಲಿ ಕಡಿಮೆ. ಹಾಕಿದವರು ಅನನುಭವಿ ಅಲ್ಲ. ಹಳೆಯ ಬೋಲ್ಟ್ ಇಟ್ಟುಕೊಂಡು ಕಣ್ಣಳತೆಯಲ್ಲಿ ಹೊಸದು ಹುಡುಕಿದರು, ಐಪಿಸಿ, ಅಂದರೆ ಬಿಡಿಭಾಗಗಳ ಪಟ್ಟಿಯ ಪುಸ್ತಕ, ತೆರೆದು ಪಾರ್ಟ್ ನಂಬರ್ ನೋಡಲಿಲ್ಲ. 0.026 ಇಂಚು ಅಂದರೆ ಎಷ್ಟು ಗೊತ್ತಾ, ಒಂದು ಮಿಲಿಮೀಟರ್ ಕೂಡ ಇಲ್ಲ. ಕಣ್ಣಿಗೆ ಕಾಣುವುದಿಲ್ಲ, ಪುಸ್ತಕದಲ್ಲಿ ಕಾಣುತ್ತದೆ.

ಅಪ್ಪ ಎಚ್‌ಎಎಲ್‌ನಲ್ಲಿದ್ದವರು. ಮನೆಯ ಮಿಕ್ಸಿ ಕೆಟ್ಟರೂ ಅದರ ಜೊತೆ ಬಂದ ಪುಸ್ತಕ ಎಲ್ಲಿ ಅಂತ ಬೀರು ಕೆದಕುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ಆಮೇಲೆ ನಾನೂ ಹಾಗೇ ಆದೆ, ಮಗಳಿಗೆ ಈಗ ನಗು.

ಮ್ಯಾನುಯಲ್ ಹೇಗೆ ಜೋಡಿಸಬೇಕು ಅನ್ನುವ ಸ್ಟ್ಯಾಂಡರ್ಡ್ ಬಗ್ಗೆಯೂ ಕೇಳಿದ್ದೀಯ, ನೀನು ಅದರಲ್ಲಿ ಎಸ್1000ಡಿ ಮಾತ್ರ ಮಾಡಿದ್ದೀಯ, ಅಲ್ಲಿ ಹಳೆಯದ್ದೂ ಇರುತ್ತದಾ ಅಂತ. ಇರುತ್ತದೆ, ಧಾರಾಳವಾಗಿ. ಆ ಹಳೆಯ ಸ್ಟ್ಯಾಂಡರ್ಡ್ ಎಟಿಎ 100 ಬಂದಿದ್ದು 1956ರಲ್ಲಿ, ಅದರ ಅಧ್ಯಾಯ ನಂಬರ್‌ಗಳು ಇವತ್ತಿಗೂ ಎಲ್ಲರ ಬಾಯಲ್ಲಿ ಇವೆ. 32 ಅಂದರೆ ಲ್ಯಾಂಡಿಂಗ್ ಗೇರ್, 29 ಹೈಡ್ರಾಲಿಕ್ಸ್, 27 ಫ್ಲೈಟ್ ಕಂಟ್ರೋಲ್, 52 ಬಾಗಿಲು, 72 ಎಂಜಿನ್. ಹ್ಯಾಂಗರ್‌ನಲ್ಲಿ ಯಾರೂ ಹೆಸರು ಹೇಳುವುದಿಲ್ಲ, ಮೂವತ್ತೆರಡರಲ್ಲಿ ತೊಂದರೆ ಅಂತಾರೆ, ಅದು ಬಾಯಿಪಾಠ ಆಗಿರಬೇಕು. 2000ದಲ್ಲಿ ಅದು ಐಸ್ಪೆಕ್ 2200 ಆಯ್ತು, ಬಹಳಷ್ಟು ಹಳೆಯ ಮಾಡೆಲ್‌ಗಳ ಪುಸ್ತಕ ಆ ದಾರಿಯಲ್ಲೇ ಇವೆ. ಟಾಸ್ಕ್ ನಂಬರಿನಲ್ಲೂ ಒಂದು ಭಾಷೆ ಇದೆ, ಮಧ್ಯದಲ್ಲಿ 000 ಇದ್ದರೆ ಕಳಚುವುದು, 400 ಇದ್ದರೆ ಕೂರಿಸುವುದು, 200 ತಪಾಸಣೆ, 700 ಟೆಸ್ಟ್. ವಾರದಲ್ಲಿ ಕಲಿಯುತ್ತೀಯ.

ಎಸ್1000ಡಿ ಮೊದಲ ಆವೃತ್ತಿ 1989ರದ್ದು, ಸೇನೆಯ ವಿಮಾನಗಳಿಂದ ಶುರುವಾಗಿ ನಾಗರಿಕ ವಿಮಾನಗಳಿಗೂ ಬಂತು, ಬೋಯಿಂಗ್ 787 ಪುಸ್ತಕ ಅದರಲ್ಲೇ. ಇದು ನಿನಗೆ ಗೊತ್ತಿರುವುದೇ, ಆದರೂ ಇಂಟರ್‌ವ್ಯೂನಲ್ಲಿ ಡೇಟಾ ಮಾಡ್ಯೂಲ್ ಅಂದರೇನು ಅಂತ ಕೇಳಿದರೆ ಡೆಫಿನಿಷನ್ ಒಪ್ಪಿಸಬೇಡ. ನಾನು ಹೊಸಬರಿಗೆ ಒಗ್ಗರಣೆ ಹೇಳಿ ಅರ್ಥ ಮಾಡಿಸುತ್ತೇನೆ. ಸಾರಿಗೆ, ಪಲ್ಯಕ್ಕೆ, ಚಿತ್ರಾನ್ನಕ್ಕೆ ಮೂರು ಕಡೆ ಒಗ್ಗರಣೆ ಹಾಕುವುದನ್ನು ಮೂರು ಸಲ ಬರೆದರೆ, ನಾಳೆ ಎಣ್ಣೆ ಬದಲಾದಾಗ ಎರಡು ಕಡೆ ತಿದ್ದಿ ಮೂರನೆಯದು ಮರೆಯುತ್ತೀಯ. ಒಗ್ಗರಣೆ ಒಂದೇ ಸಲ ಬರೆದಿಟ್ಟು ಮೂರೂ ಕಡೆಯಿಂದ ಅದನ್ನು ತೋರಿಸು. ಹಾಗೆ ಬರೆದಿಟ್ಟ ಬಿಡಿ ತುಣುಕೇ ಡೇಟಾ ಮಾಡ್ಯೂಲ್. ಅತ್ತೆಗೆ ಬೆಳ್ಳುಳ್ಳಿ ಆಗದಿದ್ದರೆ ಅದಕ್ಕೆ ಅಪ್ಲಿಕಬಿಲಿಟಿ ಇದೆ, ಅಂದರೆ ಯಾವುದಕ್ಕೆ ಅನ್ವಯ ಅನ್ನುವ ಗುರುತು, ಈ ನಂಬರಿನ ವಿಮಾನಕ್ಕೆ ಈ ಸ್ಟೆಪ್ ಇಲ್ಲ. ಜರ್ಮನ್ನರಿಗೆ ಒಗ್ಗರಣೆ ಏನು ಅಂತ ಗೊತ್ತಿಲ್ಲ, ನಮ್ಮ ಮ್ಯಾನೇಜರ್‌ಗೆ ಒಂದು ದಿನ ಮಾಡಿಯೇ ತೋರಿಸಿದೆ, ಹೊಗೆಗೆ ಸ್ಮೋಕ್ ಅಲಾರಂ ಕೂಗಿತು.

ಈಗ ಊರಿನ ಬದುಕು. ನಿನ್ನನ್ನು ಅಲ್ಲಿ ಕಾಡುವುದು ಇಂಗ್ಲಿಷ್ ಅಲ್ಲ, ನಮ್ಮ ‘ಆಯ್ತು ಆಯ್ತು’. ರಿವ್ಯೂ ಮೀಟಿಂಗ್‌ನಲ್ಲಿ ಏನೋ ಹೇಳುತ್ತಾರೆ, ಅರ್ಧ ಅರ್ಥ ಆಗಿರುತ್ತದೆ, ನಾವು ತಲೆ ಆಡಿಸಿ ಓಕೆ ಅಂದು ಬಂದು ಆಮೇಲೆ ಕಸಿನ್‌ಗೋ ಫ್ರೆಂಡ್‌ಗೋ ಫೋನ್ ಮಾಡುತ್ತೇವೆ. ಇಲ್ಲಿ ಅದು ಮರ್ಯಾದೆ. ಅಲ್ಲಿ ನೀನು ಓಕೆ ಅಂದರೆ ಅದು ಸಹಿ ಹಾಕಿದ ಹಾಗೆ, ಆ ತಾರೀಕಿಗೆ ಬಂದು ಕೇಳುತ್ತಾರೆ. ನನಗೆ ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ ಅಂದರೆ ಯಾರೂ ನಗುವುದಿಲ್ಲ, ಬೇಕಾದರೆ ನಿನ್ನ ಪುಟ ಸರಿ ಇಲ್ಲ ಅಂತ ಮುಖದ ಮೇಲೇ ಹೇಳಿ ಮಧ್ಯಾಹ್ನ ನಿನ್ನ ಜೊತೆಗೇ ಊಟಕ್ಕೆ ಕೂರುತ್ತಾರೆ. ಅದಕ್ಕೆ ಒಗ್ಗಲು ನನಗೆ ಎರಡು ವರ್ಷ ಬೇಕಾಯ್ತು, ಮೊದಮೊದಲು ಟಾಯ್ಲೆಟ್‌ನಲ್ಲಿ ಅತ್ತಿದ್ದೂ ಉಂಟು.

ಜರ್ಮನ್ ಕಲಿ. ಮ್ಯಾನುಯಲ್ ಇಂಗ್ಲಿಷಿನಲ್ಲೇ ಇರುತ್ತದೆ, ಆಫೀಸ್ ಕೂಡ ನಡೆಯುತ್ತದೆ, ಆದರೆ ಹ್ಯಾಂಗರ್‌ನವರು ತಮ್ಮ ತಮ್ಮಲ್ಲಿ ಜರ್ಮನ್‌ನಲ್ಲೇ ಬೈದುಕೊಳ್ಳುವುದು, ನಿನ್ನ ಪುಟದ ನಿಜವಾದ ವಿಮರ್ಶೆ ಆ ಬೈಗುಳದಲ್ಲೇ ಇರುತ್ತದೆ. ಸಿಎಂಎಚ್ ರೋಡಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಇವತ್ತೇ ಹೋಗಿ ಮೊದಲ ಹಂತದ ಎ1 ಸೇರಿಕೋ. ಅಲ್ಲಿ ಹೋದ ಮೇಲೆ ಕಲಿಯುತ್ತೇನೆ ಅಂದವರು ಯಾರೂ ಕಲಿತಿಲ್ಲ, ನನ್ನ ಗಂಡನನ್ನೂ ಸೇರಿಸಿ.

ಸಂಬಳವನ್ನು ರೂಪಾಯಿಗೆ ಗುಣಿಸಿ ಮನೆಯವರಿಗೆ ಹೇಳಬೇಡ. ಒಂಟಿಯಾಗಿ ಇರುವವರಿಗೆ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಳೆದು ಕೈಗೆ ಬರುವುದು ನೂರಕ್ಕೆ ಸುಮಾರು 60. ಬಾಡಿಗೆ ಮನೆಗೆ ಅಡ್ವಾನ್ಸ್ ನಮ್ಮ ಹಾಗೆ ಹತ್ತು ತಿಂಗಳದ್ದಲ್ಲ, ಕಾನೂನಿನ ಪ್ರಕಾರ ಮೂರು ತಿಂಗಳ ಬಾಡಿಗೆ ದಾಟುವಂತಿಲ್ಲ, ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಅಂದರೆ ಕೋಣೆ ಇರುತ್ತದೆ, ಒಲೆ, ಸಿಂಕ್, ಕಪಾಟು ಏನೂ ಇಲ್ಲ, ಹಿಂದಿನವರು ಕಿತ್ತುಕೊಂಡು ಹೋಗಿರುತ್ತಾರೆ. ನಾನು ಮೊದಲ ತಿಂಗಳು ಇಂಡಕ್ಷನ್ ಒಲೆಯನ್ನು ಸೂಟ್‌ಕೇಸ್ ಮೇಲೆ ಇಟ್ಟು ಅನ್ನ ಮಾಡಿದ್ದೇನೆ. ಟಿವಿ ಇರಲಿ ಬಿಡಲಿ ಮನೆಗೆ ತಿಂಗಳಿಗೆ 18 ಯೂರೋ ಚಿಲ್ಲರೆ ಪ್ರಸಾರ ಶುಲ್ಕ, ಆ ಕಾಗದ ಬಂದಾಗ ಮೋಸದವರು ಅಂತ ಹರಿದು ಹಾಕಬೇಡ, ನಾನು ಹರಿದಿದ್ದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಅದು ನಿಜಕ್ಕೂ ಕಷ್ಟ. ಯುಗಾದಿಗೆ ಒಂದಷ್ಟು ಕನ್ನಡದ ಮನೆಗಳು ಸೇರುತ್ತೇವೆ, ಬೇವು ಸಿಗಲ್ಲ, ಬೆಲ್ಲ ಮಾತ್ರ.

ನಿನ್ನ ತಮ್ಮ ಎಎಂಇ, ಅಂದರೆ ವಿಮಾನ ಮೆಂಟೆನೆನ್ಸ್ ಎಂಜಿನಿಯರಿಂಗ್, ಓದುತ್ತಿದ್ದಾನೆ ಅಂತ ಹೇಳಿದ್ದೀಯ, ಅವನ ಲೈಸೆನ್ಸ್ ಅಲ್ಲಿ ನಡೆಯುತ್ತದಾ ಅಂತ. ನೇರವಾಗಿ ಇಲ್ಲ. ನಮ್ಮ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಕೊಡುವ ಲೈಸೆನ್ಸ್‌ನ ಸಿಲಬಸ್ ಯೂರೋಪಿನ ಲೈಸೆನ್ಸ್ ನಿಯಮ ಪಾರ್ಟ್-66 ಅನ್ನೇ ಹೋಲುತ್ತದೆ, ಆದರೆ ಅಲ್ಲಿನ ನಿಯಂತ್ರಕ ಸಂಸ್ಥೆ ಇಯಾಸಾದ ಪರೀಕ್ಷೆಗಳನ್ನು ಬೇರೆಯಾಗಿ ಬರೆಯಬೇಕು. ಆ ನಿಯಮದಲ್ಲೇ ಇನ್ನೊಂದು ಮಾತಿದೆ, ಮ್ಯಾನುಯಲ್ ಯಾವ ಭಾಷೆಯಲ್ಲಿದೆಯೋ ಆ ಭಾಷೆ ಓದಿ ಬರೆದು ಮಾತಾಡಲು ಬರದವನು ಸಹಿ ಹಾಕುವಂತಿಲ್ಲ. ಅವನೂ ಇಂಗ್ಲಿಷಿಗೆ ಹೆದರುವವನಾದರೆ ನಿನ್ನ ಎಸ್‌ಟಿಇ ಪುಸ್ತಕ ಕೊಡು.

ಇನ್ನು ಕಾಗದ. ಅಲ್ಲಿ ಇದ್ದು ಕೆಲಸ ಮಾಡುವ ಪರವಾನಗಿ ಬ್ಲೂ ಕಾರ್ಡ್‌ಗೆ ಮೊದಲು ಅನಾಬಿನ್ ಅನ್ನುವ ಪಟ್ಟಿಯಲ್ಲಿ ನಿನ್ನ ಯೂನಿವರ್ಸಿಟಿ ಮುಂದೆ ‘ಎಚ್ ಪ್ಲಸ್’, ಅಂದರೆ ಮಾನ್ಯತೆ ಇದೆ, ಅಂತ ಇದೆಯಾ ನೋಡಿಕೋ. ಈಗಿನ ಕಂಪನಿಯಿಂದ ಅನುಭವದ ಪತ್ರ ತೆಗೆದುಕೊಳ್ಳುವಾಗ ಸುಮ್ನೆ ‘ಟೆಕ್ನಿಕಲ್ ರೈಟರ್’ ಅಂತ ಬರೆಸಬೇಡ, ಯಾವ ಸ್ಟ್ಯಾಂಡರ್ಡ್, ಯಾವ ಅಧ್ಯಾಯಗಳು, ಏನು ಬರೆದೆ ಅಂತ ಬಿಡಿಸಿ ಬರೆಸು. ರಾಜೀನಾಮೆ ಕೊಡುವ ಮೊದಲೇ ಕೇಳು, ಕೊಟ್ಟ ಮೇಲೆ ಎಚ್‌ಆರ್ ಫೋನ್ ಎತ್ತಲ್ಲ. ನಾನು ಇನ್ನೂ ಹತ್ತು ದಿನ ಇಲ್ಲೇ ಇದ್ದೇನೆ. ನೀನು ಬರೆದ ಒಂದು ಟಾಸ್ಕ್, ಕ್ಲೈಂಟ್‌ದು ಬೇಡ, ಮನೆಯ ಗ್ಯಾಸ್ ಸಿಲಿಂಡರ್ ಬದಲಾಯಿಸುವುದನ್ನೇ ಎಸ್‌ಟಿಇಯಲ್ಲಿ ಬರೆದು ತಗೊಂಡು ಬಾ, ಅಮ್ಮನ ಅಡುಗೆಮನೆಯಲ್ಲಿ ನಾನು ಓದುತ್ತಾ ಹೋಗುತ್ತೇನೆ, ನೀನು ಬರೆದ ಹಾಗೇ ಮಾಡುತ್ತೇನೆ. ರೆಗ್ಯುಲೇಟರ್ ಆಫ್ ಮಾಡುವ ಸಾಲು ಎಲ್ಲಿ ಹಾಕಿದ್ದೀಯ ನೋಡೋಣ.