ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ವೈದ್ಯರೂ ಸಲೈನೂ ಸಾಲದಾದಾಗ ಕಾಲರಾ ರೋಗಿಗಳನ್ನು ಉಳಿಸುವುದು ಹೇಗೆ?

ಗ್ಲೂಕೋಸ್ ಮತ್ತು ಉಪ್ಪನ್ನು ಸರಿಯಾದ ಅಳತೆಯಲ್ಲಿ ಕರಗಿಸಿದ ಶುದ್ಧ ನೀರನ್ನು, ಅಂದರೆ ಇಂದು ನಾವು ಓಆರ್‌ಎಸ್ ಎನ್ನುವ ದ್ರಾವಣವನ್ನು, ಬಿಡದೆ ಕುಡಿಸುತ್ತಿದ್ದರೆ ಬಹುಪಾಲು ರೋಗಿಗಳು ಬದುಕುತ್ತಾರೆ.

ಕಾಲರಾದಲ್ಲಿ ಸಾವು ಬರುವುದು ದೇಹದ ನೀರು ಮತ್ತು ಲವಣಗಳು ಕೆಲವೇ ಗಂಟೆಗಳಲ್ಲಿ ಬರಿದಾಗುವುದರಿಂದ. ರೋಗಾಣುವಿನ ವಿಷ ತಗುಲಿದ ಸಣ್ಣಕರುಳು ನೀರನ್ನು ಹೊರಕ್ಕೆ ಸುರಿಯುತ್ತಲೇ ಇರುತ್ತದೆ. ಬರಿಯ ನೀರು ಕುಡಿಸಿದರೆ ಆ ನಷ್ಟ ತುಂಬುವುದಿಲ್ಲ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಸೇರುವ ದಾರಿಯೊಂದು ಕರುಳಿನಲ್ಲಿ ಆಗಲೂ ಕೆಡದೆ ಉಳಿದಿರುತ್ತದೆ, ಮತ್ತು ಅವೆರಡೂ ಒಳಹೋಗುವಾಗ ನೀರನ್ನೂ ಸೆಳೆದುಕೊಳ್ಳುತ್ತವೆ. ಆದ್ದರಿಂದ ಸಿಹಿಯನ್ನು ಬೆರೆಸುವುದು ಕೇವಲ ರುಚಿಗಾಗಿ ಅಲ್ಲ.

1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದಿಂದ ತಪ್ಪಿಸಿಕೊಂಡು ಬಂದವರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಸಾಬೀತಾಯಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು ಮಲಗಿದ್ದರು, ಸಲೈನ್ ತೀರುತ್ತಾ ಬಂದಿತ್ತು. ಆಗ ಡಾ. ದಿಲೀಪ್ ಮಹಾಲನಬಿಸ್ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು ಮತ್ತು 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ಆ ದ್ರಾವಣವನ್ನು ನಲ್ಲಿಯುಳ್ಳ ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವ ವ್ಯವಸ್ಥೆ ಮಾಡಿದರು. ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ತರಬೇತಿಯಿಲ್ಲದ ತಾಯಿಯೊಬ್ಬಳು ತನ್ನ ಮಗುವನ್ನು ತಾನೇ ಉಳಿಸಿಕೊಳ್ಳುವಂತಾದದ್ದು, ನನ್ನ ದೃಷ್ಟಿಯಲ್ಲಿ, ಆ ಅಂಕಿಯಷ್ಟೇ ದೊಡ್ಡದು.

ಕುಡಿಯಲಾರದಷ್ಟು ನಿತ್ರಾಣಗೊಂಡವರಿಗೆ, ಪ್ರಜ್ಞೆ ತಪ್ಪಿದವರಿಗೆ ಮೊದಲು ರಕ್ತನಾಳದ ಮೂಲಕವೇ ಸಲೈನ್ ಕೊಡಬೇಕು. ಉಳಿದವರಿಗೆ ಬಾಯಿಂದ ಕುಡಿಸಿದಾಗ ಉಳಿಯುವ ಸಲೈನ್ ಇವರ ಪಾಲಿಗೆ ಸಿಗುತ್ತದೆ.