ಉದ್ದ ಹಗ್ಗದ ಮ್ಯಾಲ ಸುತ್ತು ತಿರುಗಿಸುವಾಗ ಕುದುರಿ ಪದೇಪದೇ ನಿಲ್ತದ, ಚಾಬೂಕು ಎಷ್ಟು ಉದ್ದ ಇರಬೇಕು?

ಮೆರವಣಿಗಿ ಕೆಲಸದಿಂದ ಬಿಡಿಸಿ ತಂದ ಕುದುರಿ, ಎರಡು ಸುತ್ತಿಗೇ ನಿಂತು ನಿಮ್ಮ ಕಡೆ ಮುಖ ಮಾಡ್ತದ ಅಂತ ಬರದೀರಿ. ಚಾಬೂಕಿನ ಮಾತು ಆಮ್ಯಾಲ. ನೀವು ಎಲ್ಲಿ ನಿಂತಿರ್ತೀರಿ, ಅದನ್ನ ಹೇಳ್ರಿ ಮೊದಲು.

ಕಲಬುರಗಿ ಹತ್ರ ಇಂಥದೇ ಕುದುರಿ ಹಿಡಕೊಂಡು ಎರಡು ತಿಂಗಳು ಹಾಳು ಮಾಡಿದವ ನಾನು. ತಪ್ಪು ಗೊತ್ತಾಗಿದ್ದು ನೆಲ ನೋಡಿ. ಎರಿ ಹೊಲ, ಹಿಂದಿನ ದಿನ ಮಳಿ ಹನಿದಿತ್ತು, ಹೆಜ್ಜಿ ಎಲ್ಲಾ ಅಚ್ಚೊತ್ತಿದಂಗ ಮೂಡಿದ್ವು. ಕುದುರಿ ಹಾದಿ ರೊಟ್ಟಿಯಂಗ ದುಂಡಗ ಇರಬೇಕು. ಅದು ಒಂದು ಕಡೆ ಜಗ್ಗಿದಂಗ ಸೊಟ್ಟ ಇತ್ತು. ನಡುವ ನನ್ನ ಚಪ್ಪಲಿ ಗುರುತು ಗೇಟಿನ ಕಡೆ ಐದಾರು ಹೆಜ್ಜಿ ಸರದಿದ್ವು. ಅಂದ್ರ, ಕುದುರಿ ಮೆಲ್ಲಗಾದಾಗೆಲ್ಲ ನಾನು ಅದರ ತಲಿ ಕಡೆ ನಡದಿದ್ದೆ. ನಡೀತಾ ಹಗ್ಗಾನೂ ಜಗ್ಗಿದ್ದೆ.

ಇದರಾಗೇ ಎಲ್ಲಾ ಅದ. ಮನುಷ್ಯ ಕುದುರಿ ಹೆಗಲಿಗಿಂತ ಮುಂದ ಬಂದ್ರ ಅದಕ್ಕ ಬಾಗಿಲು ಹಾಕಿದಂಗ: ನಿಲ್ತದ, ಇಲ್ಲಾ ಒಳಗ ತಿರುಗ್ತದ. ಹೆಗಲಿನ ಹಿಂದ ಇದ್ರ ಮುಂದಿನ ದಾರಿ ತೆರದಂಗ. ನಾನು ಕಾಲಿನಿಂದ 'ನಿಲ್ಲು' ಅಂತಿದ್ದೆ, ಕೈಯಿಂದ 'ಬಾ' ಅಂತಿದ್ದೆ, ಚಾಬೂಕಿನಿಂದ 'ಹೋಗು' ಅಂತಿದ್ದೆ. ಮ್ಯಾಲ ಮೆರವಣಿಗಿ ಕುದುರಿಗೆ ವರ್ಷಗಟ್ಟಲೆ ಕಲಿಸಿದ್ದೇ ಲಗಾಮು ಹಿಡಿದವ ತಲಿ ಹತ್ರ ನಿಂತ್ರ ನಿಲ್ಲಬೇಕು ಅಂತ, ಬಾಜಾ ಎಷ್ಟು ಬಡಿದ್ರೂ. ನಿಮ್ಮದು ಹಟಮಾರಿ ಅಲ್ರೀ, ಹೇಳಿದ ಮಾತು ಕೇಳೋ ಕುದುರಿ.

ಈಗ ಮಾಡೋದು ಹಿಂಗ. ಎಡಕ್ಕ ತಿರುಗಿಸುವಾಗ ಎಡಗೈಯಾಗ ಹಗ್ಗ, ಬಲಗೈಯಾಗ ಚಾಬೂಕು. ನಿಮ್ಮ ಹೊಕ್ಕಳ ಕುದುರಿ ಸೊಂಟದ ಕಡೆ ಇರಲಿ, ಮುಖದ ಕಡೆ ಅಲ್ಲ, ಕಣ್ಣೂ ಅಲ್ಲೇ. ಹಗ್ಗ ನೆಲಕ್ಕ ತಾಗಬಾರದು, ತಂತಿಯಂಗ ಬಿಗೀನೂ ಆಗಬಾರದು. ಮಡಚಿ ಹಿಡೀರಿ, ಕೈಗೆ ಸುತ್ತಬ್ಯಾಡ್ರಿ. ಕುದುರಿ ಬೆದರಿ ಓಡಿದ್ರ ಬೆರಳು ಹೋಗ್ತಾವ.

ಮೊದಲು ಬಾಯಿಮಾತು, ಒಂದೇ ಸಲ. ಕೇಳಲಿಲ್ಲಂದ್ರ ನೀವು ಸೊಂಟದ ಕಡೆ ಒಂದು ಹೆಜ್ಜಿ. ಆಮ್ಯಾಲ ಚಾಬೂಕಿನ ತುದಿ ನೆಲದಿಂದ ಹಿಂಗಾಲಿನ ಮಂಡಿ ಎತ್ತರಕ್ಕ. ಆಮ್ಯಾಲ ಹಿಂದಿನ ಕಡೆ ಗಾಳಿಯಾಗ ಒಂದು ಬೀಸು. ಹೆಜ್ಜಿ ಮುಂದಿಟ್ಟ ಕ್ಷಣಕ್ಕೇ ಚಾಬೂಕು ಕೆಳಗ ಇಳೀಬೇಕು. ಹೋಗ್ತಿದ್ರೂ ಬೀಸ್ತಾ ಇದ್ರ, ಹೋದ್ರೂ ಅದೇ, ನಿಂತ್ರೂ ಅದೇ ಅಂತ ಕುದುರಿ ಕಿವುಡಾಗ್ತದ.

ನಿಲ್ಲೋ ಜಾಗ ಬಹುತೇಕ ಒಂದೇ ಇರ್ತದ, ಗೇಟೋ ಮೇವೋ ಇದ್ದ ಕಡೆ. ನಿಂತ ಮ್ಯಾಲ ಎಬ್ಬಿಸಬ್ಯಾಡ್ರಿ. ಅಲ್ಲಿಗೆ ಎರಡು ಹೆಜ್ಜಿ ಮೊದಲೇ, ಒಳಗಿನ ಕಿವಿ ಅತ್ತ ತಿರುಗಿ ಹೆಜ್ಜಿ ಗಿಡ್ಡಾಗೋವಾಗ 'ಹೋಗು' ಅನ್ರಿ. ಒಳಗ ನುಗ್ಗಿ ಬಂದ್ರ ಹಿಂದ ಸರೀಬ್ಯಾಡ್ರಿ, ಹಿಂದ ಸರದ್ರ ಇನ್ನೂ ಬರ್ತದ. ಚಾಬೂಕಿನ ತುದಿ ಹೆಗಲಿಗೆ ತೋರಿಸ್ರಿ, ಹೊರಗ ಹೋಗ್ತದ.

ಹಗ್ಗ 8 ಮೀಟರ್ ಇರಲಿ, ಸುತ್ತು 16 ಮೀಟರ್ ಅಗಲ ಆಗ್ತದ. ಹೆದರಿ 4 ಮೀಟರಿಗೆ ಹಿಡದ್ರ ಒಳಗಿನ ಕಾಲಿನ ಮ್ಯಾಲ ಭಾರ ಬಿದ್ದು ತಾನೇ ಮೆಲ್ಲಗಾಗ್ತದ. ಮೊದಲ ದಿನ ಎರಡೂ ಕಡೆ ಮೂರು-ಮೂರು ಸುತ್ತು ಬರೇ ನಡಿಗಿ ಸಾಕು. ಮುಂದ ದುಲ್ಕಿ (ನಡಿಗಿಗಿಂತ ಜೋರಿನ ಕುಲುಕು ಓಟ) ಸೇರಿಸಿದ್ರೂ ಒಟ್ಟು 15-20 ನಿಮಿಷ, ನಡುನಡುವ ದಿಕ್ಕು ಬದಲಿಸಿ. ಚಲೋ ನಡೀತಿರುವಾಗಲೇ ಮುಗಿಸ್ರಿ. ತಲಿ ಬಗ್ಗಿಸಿ ಕಟ್ಟೋ ಪಟ್ಟಿ ಈಗ ಬ್ಯಾಡೇ ಬ್ಯಾಡ, ಅದೂ ಇನ್ನೊಂದು ಮುಚ್ಚಿದ ಬಾಗಿಲು.

ಇದಕ್ಕೂ ಮುಂಚೆ ನೋವು ಅದಯೋ ನೋಡ್ರಿ. ಗಟ್ಟಿ ನೆಲದ ಮ್ಯಾಲ ನೆಟ್ಟಗ ದುಲ್ಕಿ ಓಡಿಸ್ರಿ. ನೋಯೋ ಮುಂಗಾಲು ಊರಿದಾಗ ತಲಿ ಮ್ಯಾಲೆತ್ತತದ. ಜರಿ ಸಾಮಾನು ಹೊತ್ತ ಬೆನ್ನಿನ ಮ್ಯಾಲ, ಹೊಟ್ಟಿಪಟ್ಟಿ ಕೆಳಗ ಬೆರಳು ಒತ್ತಿ ನೋಡ್ರಿ, ಚರ್ಮ ನಡುಗಿಸಿದ್ರ ಅಲ್ಲಿ ನೋವು ಅದ ಅಂತ, ಅದು ಮಾಯೋತನಕ ಹಗ್ಗ ಗೂಟಕ್ಕೇ ಇರಲಿ. ತೊಗರಿ ಕೊಯ್ದ ಹೊಲದಾಗಂತೂ ತಿರುಗಿಸಬ್ಯಾಡ್ರಿ. ಆ ಕೂಳಿ ಮೊಳಿ ಇದ್ದಂಗ, ಗೊರಸಿನೊಳಗ ಹೊಕ್ಕರ ತಿಂಗಳು ಕೂಡಬೇಕು. ಬ್ಯಾಸಿಗಿಯಾಗ ಬೆಳಿಗ್ಗೆ 6ಕ್ಕ ಶುರು ಮಾಡಿ 7ರೊಳಗ ಮುಗಿಸ್ರಿ.

ಇನ್ನ ಚಾಬೂಕು: ಕೋಲು 6 ಅಡಿ, ಅದರ ತುದಿಗೆ ಅಷ್ಟೇ ಉದ್ದದ ದಾರ. ನನ್ನದು ಬಿದಿರಿನದು. ಎಷ್ಟೋ ದಿನ ಅದನ್ನ ಬೀಸೋದೇ ಇಲ್ಲ, ಕಂಕುಳಾಗೇ ಇರ್ತದ.