ಇಂಗ್ಲೆಂಡಿನ ಸ್ಲೌನಿಂದ ಸ್ವಿಂಡನ್‌ಗೆ ಕಾರಲ್ಲಿ ಹೋಗಿಬರಲು ಪೆಟ್ರೋಲ್ ಖರ್ಚು ಎಷ್ಟಾಗುತ್ತದೆ?

ಹೋಗಿಬರಲು ಸುಮಾರು 20 ಪೌಂಡ್ ಇಟ್ಟುಕೊಳ್ಳಿ. ಲೆಕ್ಕ ಹೀಗಿದೆ.

ದಾರಿ ಸುಲಭ. ಎಂ4 ಮೋಟರ್‌ವೇ (ಹೆದ್ದಾರಿ) ಹತ್ತಿ ಪಶ್ಚಿಮಕ್ಕೆ ಹೊರಟರೆ ರೆಡಿಂಗ್ ದಾಟಿ 15ನೇ ಜಂಕ್ಷನ್‌ನಲ್ಲಿ ಇಳಿದರಾಯಿತು. ಒಂದು ಕಡೆಗೆ ಹೆಚ್ಚುಕಡಿಮೆ 60 ಮೈಲಿ. ರಸ್ತೆ ಖಾಲಿಯಿದ್ದರೆ ಒಂದು ಗಂಟೆ ಚಿಲ್ಲರೆ. ಶುಕ್ರವಾರ ಸಂಜೆ ಮಾತ್ರ ಬೇಡ, ಸುಮ್ನೆ ಬ್ರೇಕ್ ಒತ್ತುತ್ತಾ ಕೂರಬೇಕಾಗುತ್ತದೆ.

ಗೊಂದಲ ಆಗುವುದು ಅಳತೆಯಲ್ಲಿ. ಅಲ್ಲಿ ಪೆಟ್ರೋಲ್ ಮಾರುವುದು ಲೀಟರ್‌ನಲ್ಲಿ, ಮೈಲೇಜ್ ಹೇಳುವುದು ಗ್ಯಾಲನ್‌ಗೆ ಇಷ್ಟು ಮೈಲಿ ಅಂತ! ಬ್ರಿಟಿಷ್ ಗ್ಯಾಲನ್ ಅಂದರೆ 4.546 ಲೀಟರ್. ಅಮೆರಿಕದ ಗ್ಯಾಲನ್ ಇದಕ್ಕಿಂತ ಚಿಕ್ಕದು, 3.785 ಲೀಟರ್. ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ ಯಾವುದನ್ನು ಹಿಡಿದಿದ್ದಾರೆ ಅಂತ ನೋಡಿಕೊಳ್ಳಿ.

ನಿಮ್ಮ ಕಾರು ಗ್ಯಾಲನ್‌ಗೆ 40 ಮೈಲಿ ಕೊಡುತ್ತದೆ ಅಂದುಕೊಳ್ಳೋಣ. ನಮ್ಮೂರಿನ ಲೆಕ್ಕದಲ್ಲಿ ಲೀಟರ್‌ಗೆ 14 ಕಿ.ಮೀ. 60 ಮೈಲಿಗೆ ಒಂದೂವರೆ ಗ್ಯಾಲನ್, ಅಂದರೆ 6.8 ಲೀಟರ್. ಬಂಕ್‌ನ ಬೋರ್ಡ್ ಮೇಲೆ 139.9 ಅಂತ ಇದ್ದರೆ ಅದು ಪೌಂಡ್ ಅಲ್ಲ, ಪೆನ್ಸ್. ಲೀಟರ್‌ಗೆ 1.40 ಪೌಂಡ್ ಹಿಡಿದರೆ ಒಂದು ಕಡೆಗೆ ಒಂಬತ್ತೂವರೆ ಪೌಂಡ್. ಬೋರ್ಡ್‌ನಲ್ಲಿ ಬೇರೆ ದರ ಕಂಡರೆ 6.8ರಿಂದ ಗುಣಿಸಿ, ಅಷ್ಟೇ.

ಹೊರಡುವ ಮೊದಲೇ ಊರೊಳಗಿನ ಸೂಪರ್‌ಮಾರ್ಕೆಟ್ ಬಂಕ್‌ನಲ್ಲಿ ತುಂಬಿಸಿಕೊಳ್ಳಿ. ಮೋಟರ್‌ವೇ ಪಕ್ಕದ ರೆಡಿಂಗ್, ಮೆಂಬರಿ ಸರ್ವೀಸ್‌ಗಳಂಥ (ಪ್ರಯಾಣಿಕರ ವಿಶ್ರಾಂತಿ ತಾಣ) ಕಡೆ ಸಾಮಾನ್ಯವಾಗಿ ದರ ಜಾಸ್ತಿ. ಅಲ್ಲಿ ಕಾಫಿ ಕುಡಿಯಿರಿ, ಸಾಕು. ಎಂ4ನಲ್ಲಿ ಈ ದಾರಿಗೆ ಟೋಲ್ ಇಲ್ಲ.